‘ಮಾಡಬೇಕು’ ಅನ್ನುವುದು ‘ಮಾಡಿದೆ’ ಆಗುವುದು ಹೇಗೆ?

ಮನೆಯಲ್ಲಿ ಸತ್ಯನಾರಾಯಣ ಪೂಜೆಗೆ ಕೂತವರಿಗೆ ಇದು ಗೊತ್ತಿರುತ್ತದೆ. ಶುರುವಿನಲ್ಲೇ ಪುರೋಹಿತರು ಕೈಗೆ ಅಕ್ಷತೆ ಕೊಟ್ಟು ಸಂಕಲ್ಪ ಹೇಳಿಸುತ್ತಾರೆ. ಆಗ ನಮ್ಮ ಗಮನ ಅರ್ಧ ಅಡುಗೆಮನೆ ಕಡೆಗಿರುತ್ತದೆ. ಮುಂದಿನ ಸಲ ಆ ಮಾತುಗಳನ್ನು ಸ್ವಲ್ಪ ಕಿವಿಗೊಟ್ಟು ಕೇಳಿ. ಮೊದಲು ಜಾಗ ಬರುತ್ತದೆ: ಜಂಬೂದ್ವೀಪ, ಭರತಖಂಡ, ಗೋದಾವರಿಯ ದಕ್ಷಿಣ ತೀರ. ಆಮೇಲೆ ಹೊತ್ತು: ಶಾಲಿವಾಹನ ಶಕೆ, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ. ಆಮೇಲೆ ಗೋತ್ರ, ನಕ್ಷತ್ರ, ಹೆಸರು. ಇಷ್ಟೆಲ್ಲ ಆದ ಮೇಲೆ ಕಟ್ಟಕಡೆಗೆ ‘ಕರಿಷ್ಯೇ’, ಅಂದರೆ ಮಾಡುತ್ತೇನೆ.

ಎಲ್ಲಿ, ಯಾವಾಗ, ಯಾರು, ಏನು. ಈ ನಾಲ್ಕನ್ನೂ ಹೇಳದೆ ಸಂಕಲ್ಪ ಮುಗಿಯುವುದಿಲ್ಲ.

ಈಗ ಜನವರಿ 1ರಂದೋ ಯುಗಾದಿಯಂದೋ ನಾವು ಮಾಡಿಕೊಳ್ಳುವ ಸಂಕಲ್ಪ ನೋಡಿ. “ಈ ವರ್ಷ ಆರೋಗ್ಯ ನೋಡ್ಕೋಬೇಕು.” “ಸ್ವಲ್ಪ ದುಡ್ಡು ಉಳಿಸಬೇಕು.” “ದಿನಾ ಓದಬೇಕು.” ಇಲ್ಲಿ ‘ಏನು’ ಅನ್ನುವುದೊಂದೇ ಇದೆ, ಅದೂ ಮಸುಕು ಮಸುಕಾಗಿ. ಎಲ್ಲಿ, ಯಾವಾಗ ಅನ್ನುವುದು ಇಲ್ಲವೇ ಇಲ್ಲ. ಪೂಜೆಯ ಸಂಕಲ್ಪಕ್ಕೆ ಅದರದೇ ಕಾರಣಗಳಿವೆ. ಅದನ್ನು ಮನೋವಿಜ್ಞಾನ ಅಂತ ಹೇಳಲು ನಾನು ಹೊರಟಿಲ್ಲ. ಆದರೆ ಕಳೆದ ಮೂವತ್ತು ವರ್ಷಗಳಲ್ಲಿ ಮನೋವಿಜ್ಞಾನಿಗಳು ಕಂಡುಕೊಂಡ ಒಂದು ವಿಷಯಕ್ಕೂ ಆ ಮಾತಿನ ಕಟ್ಟಡಕ್ಕೂ ತುಂಬ ಹೋಲಿಕೆ ಇದೆ. ಆ ವಿಷಯವನ್ನೇ ಇಲ್ಲಿ ಬಿಡಿಸಿ ಹೇಳಬೇಕೆಂದಿದ್ದೇನೆ.

ನನಗೆ ಇದರ ಮೇಲೆ ಆಸಕ್ತಿ ಹುಟ್ಟಿದ್ದು ನಮ್ಮ ಅಕ್ಕನಿಂದ. ಅವಳಿರುವುದು ಮೈಸೂರಿನಲ್ಲಿ. ಮೂರು ವರ್ಷದ ಹಿಂದೆ ಡಾಕ್ಟರು, “ಶುಗರ್ ಗಡಿಯಲ್ಲಿದೆ, ದಿನಾ ಅರ್ಧ ಗಂಟೆ ನಡೀರಿ” ಅಂದರು. ಅಕ್ಕ ಮನಸಾರೆ ಒಪ್ಪಿದಳು. ಅವತ್ತೇ ಶೂ ತಂದಳು. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುವುದು ಅಂತ ತೀರ್ಮಾನವಾಯಿತು. ನಾಲ್ಕು ದಿನ ಹೋದಳು. ಐದನೇ ದಿನ ಮಗನಿಗೆ ಜ್ವರ. ಆಮೇಲೆ ಮನೆಗೆ ನೆಂಟರು. ಒಂದು ವರ್ಷ ಬಿಟ್ಟು ನಾನು ಹೋದಾಗ ಆ ಶೂ ಮತ್ತೆ ಪೆಟ್ಟಿಗೆ ಸೇರಿತ್ತು, ಅಂಗಡಿಯವರು ಸುತ್ತಿದ್ದ ತೆಳು ಕಾಗದದ ಸಮೇತ. “ನನ್ನ ಮನಸ್ಸೇ ಗಟ್ಟಿ ಇಲ್ಲ” ಅಂದಳು. ಆ ಮಾತು ಕೇಳಿ ನನಗೆ ಬೇಜಾರಾಯಿತು. ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ, ಸಂಜೆ ಮನೆಯಲ್ಲೇ ಟ್ಯೂಷನ್. ಇಷ್ಟನ್ನೂ ಒಂದು ದಿನ ತಪ್ಪಿಸದೆ ನಡೆಸುವವಳ ಮನಸ್ಸು ಗಟ್ಟಿ ಇಲ್ಲ ಅಂದರೆ ಇನ್ಯಾರದು ಗಟ್ಟಿ?

ನಮ್ಮಲ್ಲಿ ಇದಕ್ಕೆ ‘ಆರಂಭಶೂರತ್ವ’ ಅಂತ ಒಂದು ಹೆಸರಿದೆ. ಹೆಸರಲ್ಲೇ ಒಂದು ಚುಚ್ಚು ಇದೆ, ಅಲ್ವಾ? ಆದರೆ ಇದು ಎಲ್ಲರ ಕತೆ. ಪ್ಯಾಸ್ಕಲ್ ಶೀರನ್ ಮತ್ತು ಥಾಮಸ್ ವೆಬ್ ಎಂಬ ಸಂಶೋಧಕರು ಈ ವಿಷಯದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿ 2016ರಲ್ಲಿ ಬರೆದರು: ಮಾಡಬೇಕು ಅಂತ ನಿಜವಾಗಿ ಅಂದುಕೊಂಡಿದ್ದರಲ್ಲಿ ಮನುಷ್ಯರು ಮಾಡಿ ಮುಗಿಸುವುದು ಸುಮಾರು ಅರ್ಧದಷ್ಟು. ಇದು ಮನಸ್ಸಿಲ್ಲದವರ ಲೆಕ್ಕವಲ್ಲ. ಮನಸ್ಸು ಮಾಡಿದವರ ಲೆಕ್ಕ.

ಹಾಗಾದರೆ ಮನಸ್ಸನ್ನು ಇನ್ನಷ್ಟು ಹುರಿದುಂಬಿಸಿದರೆ ಸಾಕಾ? ಬ್ರಿಟನ್ನಿನ ಒಂದು ಪ್ರಯೋಗ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿತು. 2002ರಲ್ಲಿ ಪ್ರಕಟವಾದ ಇದರಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದ್ದರು. ಮುಂದಿನ ವಾರ ಒಂದು ಸಲವಾದರೂ 20 ನಿಮಿಷ ಬೆವರು ಬರುವ ಹಾಗೆ ವ್ಯಾಯಾಮ ಮಾಡಬೇಕು ಅನ್ನುವುದು ಗುರಿ. ಮೊದಲ ಗುಂಪಿಗೆ ವಿಶೇಷ ಏನೂ ಹೇಳಲಿಲ್ಲ. ಎರಡನೆಯದಕ್ಕೆ ಹೃದಯದ ಕಾಯಿಲೆ ಬಗ್ಗೆ, ವ್ಯಾಯಾಮದಿಂದ ಆಗುವ ಲಾಭದ ಬಗ್ಗೆ ಓದಲು ಕೊಟ್ಟರು. ಮೂರನೆಯ ಗುಂಪಿಗೆ ಅದನ್ನೇ ಕೊಟ್ಟು, ಜೊತೆಗೆ ಒಂದು ವಾಕ್ಯ ತುಂಬಿಸಿದರು: ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಮಾಡುತ್ತೇನೆ ಅಂತ. ವಾರ ಕಳೆದ ಮೇಲೆ ಕೇಳಿದಾಗ ಮೊದಲ ಗುಂಪಿನಲ್ಲಿ ವ್ಯಾಯಾಮ ಮಾಡಿದವರು ಶೇ. 38. ಎರಡನೆಯದರಲ್ಲಿ ಶೇ. 35. ಮೂರನೆಯದರಲ್ಲಿ ಶೇ. 91.

ಎರಡನೆಯ ಗುಂಪಿನ ಸಂಖ್ಯೆಯನ್ನು ಇನ್ನೊಂದು ಸಲ ನೋಡಿ. ಕಾಯಿಲೆಯ ವಿಷಯ ಓದಿ ಅವರಿಗೆ ವ್ಯಾಯಾಮ ಮಾಡಬೇಕೆಂಬ ಆಸೆ ಹೆಚ್ಚಿತ್ತು. ಆದರೂ ಕೆಲಸ ಹೆಚ್ಚಲಿಲ್ಲ. ನಾವು ಬೆಳಗ್ಗೆ ಎದ್ದು ಫೋನಿನಲ್ಲಿ ಕೇಳುವ ಸ್ಫೂರ್ತಿಯ ಮಾತುಗಳ ಕತೆಯೂ ಇದೇ ಅಂತ ನನಗನ್ನಿಸುತ್ತದೆ. ಅವು ಆಸೆಯನ್ನು ದೊಡ್ಡದು ಮಾಡುತ್ತವೆ. ಆ ಆಸೆ ಕೆಲಸಕ್ಕೆ ಇಳಿಯುವುದಕ್ಕೆ ಒಂದು ಮೆಟ್ಟಿಲು ಕಟ್ಟಿಕೊಡುವುದಿಲ್ಲ.

ಆ ಒಂದು ವಾಕ್ಯದ ಹಿಂದಿರುವವರು ಜರ್ಮನ್ ಮನೋವಿಜ್ಞಾನಿ ಪೀಟರ್ ಗಾಲ್‌ವಿಟ್ಸರ್. 1990ರ ದಶಕದಿಂದ ಅವರು ಇದೇ ಕೆಲಸದಲ್ಲಿದ್ದಾರೆ. ಅವರ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ, ಕ್ರಿಸ್‌ಮಸ್ ಹಿಂದಿನ ಸಂಜೆಯನ್ನು ಹೇಗೆ ಕಳೆದೆವು ಅಂತ ಎರಡು ದಿನದೊಳಗೆ ಬರೆದು ಕಳಿಸಿ ಅಂದಿದ್ದರು. ಹಬ್ಬದ ಗಲಾಟೆ, ಮನೆ ತುಂಬ ಜನ. ಎಲ್ಲಿ ಕೂತು, ಯಾವಾಗ ಬರೆಯುತ್ತೇನೆ ಅಂತ ಮೊದಲೇ ಗೊತ್ತುಮಾಡಿಕೊಂಡವರಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಜನ ಹೊತ್ತಿಗೆ ಸರಿಯಾಗಿ ಬರೆದರು. ಹಾಗೆ ಮಾಡಿಕೊಳ್ಳದವರಲ್ಲಿ ಬರೆದವರು ಮೂರನೇ ಒಂದು ಪಾಲು.

ಅವರ ಸೂತ್ರ ಇಷ್ಟೇ: “ಇಂಥದ್ದು ಆದರೆ, ಆಗ ನಾನು ಇಂಥದ್ದು ಮಾಡುತ್ತೇನೆ.” ಇದನ್ನು ಕನ್ನಡದಲ್ಲಿ ಹೇಳುವುದಕ್ಕೆ ನಮ್ಮ ಹತ್ತಿರ ಇನ್ನೂ ಚೆಂದದ ಮಾತಿದೆ: ‘ಕೂಡಲೇ’. ಹಾಲು ಉಕ್ಕಿದ ಕೂಡಲೇ ಒಲೆ ಆರಿಸುತ್ತೇವೆ. ಆಗ ಯಾರೂ ಮನಸ್ಸು ಗಟ್ಟಿ ಮಾಡಿಕೊಳ್ಳುವುದಿಲ್ಲ. ಆರಿಸಲೋ ಬೇಡವೋ ಅಂತ ಯೋಚಿಸುವುದಿಲ್ಲ. ಕಣ್ಣಿಗೆ ಬಿದ್ದ ಹಾಗೇ ಕೈ ಹೋಗುತ್ತದೆ. ‘ಬೇಕು’ ಅಂತ ಮುಗಿಯುವ ವಾಕ್ಯವನ್ನು ‘ಕೂಡಲೇ’ ಇರುವ ವಾಕ್ಯ ಮಾಡಿಕೊಳ್ಳುವುದೇ ಇಲ್ಲಿನ ಕೆಲಸ.

ಇದು ಯಾಕೆ ನಡೆಯುತ್ತದೆ? ಹೊಸ ಊರಿಗೆ ಬಸ್ಸಿನಲ್ಲಿ ಹೋಗುತ್ತಿದ್ದೀರಿ ಅಂದುಕೊಳ್ಳಿ. ಊರಿನವರು ಫೋನಿನಲ್ಲಿ, “ಅರಳಿಕಟ್ಟೆ ಕಂಡ ಕೂಡಲೇ ಎದ್ದು ಬಾಗಿಲ ಹತ್ತಿರ ಬನ್ನಿ” ಅಂದಿದ್ದಾರೆ. ಆಮೇಲೆ ನಿಮ್ಮ ಕಣ್ಣು ದಾರಿಯುದ್ದಕ್ಕೂ ಅರಳಿ ಮರವನ್ನೇ ಹುಡುಕುತ್ತಿರುತ್ತದೆ. ಪಕ್ಕದವರ ಜೊತೆ ಮಾತಾಡುತ್ತಿದ್ದರೂ ಕಟ್ಟೆ ಕಂಡ ತಕ್ಷಣ ಎದ್ದುಬಿಡುತ್ತೀರಿ. ಸುಮ್ನೆ “ಸರಿಯಾದ ಕಡೆ ಇಳ್ಕೊಳ್ಳಿ” ಅಂದಿದ್ದರೆ ಪ್ರತಿ ಸ್ಟಾಪಿನಲ್ಲೂ ತಳಮಳ. ‘ಕೂಡಲೇ’ ವಾಕ್ಯ ಮಾಡುವುದು ಎರಡು ಉಪಕಾರ. ಒಂದು, ಆ ಗುರುತು ಎದುರಾದಾಗ ಅದು ನಿಮ್ಮ ಕಣ್ಣು ತಪ್ಪುವುದಿಲ್ಲ. ಇನ್ನೊಂದು, ಗುರುತು ಕಂಡ ಮೇಲೆ ಮತ್ತೆ ಪಂಚಾಯಿತಿ ಸೇರಿಸಬೇಕಾಗಿಲ್ಲ. ತೀರ್ಮಾನ ಮೊದಲೇ ಆಗಿರುತ್ತದೆ. ಬೆಳಗ್ಗೆ ಐದೂವರೆಗೆ ಹಾಸಿಗೆಯಲ್ಲಿ ನಡೆಯುವ ಆ ಪಂಚಾಯಿತಿಯಲ್ಲಿ ಗೆಲ್ಲುವುದು ಯಾವಾಗಲೂ ಹೊದಿಕೆಯೇ.

ಗಾಲ್‌ವಿಟ್ಸರ್ ಮತ್ತು ಶೀರನ್ 2006ರಲ್ಲಿ ಇಂಥ 94 ಅಧ್ಯಯನಗಳನ್ನು ಕೂಡಿಸಿ ನೋಡಿದರು. ಒಟ್ಟಾರೆ ಪರಿಣಾಮ ಮಧ್ಯಮಕ್ಕಿಂತ ಮೇಲಿತ್ತು. ಆದರೆ ಎಲ್ಲ ಕಡೆಯೂ ಶೇ. 91 ಸಿಗುತ್ತದೆ ಅಂದುಕೊಳ್ಳಬೇಡಿ. ಅಮೆರಿಕದ ಒಂದು ಕಂಪನಿಯ ನೌಕರರಿಗೆ ಫ್ಲೂ ಲಸಿಕೆಯ ಕಾಗದ ಕಳಿಸುವಾಗ, ಯಾವ ದಿನ ಎಷ್ಟು ಗಂಟೆಗೆ ಹೋಗುತ್ತೀರಿ ಅಂತ ಬರೆದುಕೊಳ್ಳಲು ಜಾಗ ಬಿಟ್ಟಿದ್ದರು. 2011ರಲ್ಲಿ ಬಂದ ಆ ವರದಿಯ ಪ್ರಕಾರ ಲಸಿಕೆ ಹಾಕಿಸಿಕೊಂಡವರು ನೂರಕ್ಕೆ ನಾಲ್ಕು ಜನ ಹೆಚ್ಚಾದರು, ಅಷ್ಟೇ. ಒಂದು ಖಾಲಿ ಗೆರೆಯ ಖರ್ಚಿಗೆ ನಾಲ್ಕು ಜನ ಅಂದರೆ ಕಡಿಮೆಯಲ್ಲ. ಪವಾಡವೂ ಅಲ್ಲ.

ಈಗ ಆ ವಾಕ್ಯವನ್ನು ಕಟ್ಟುವ ಕೆಲಸಕ್ಕೆ ಬರೋಣ. ಹೆಚ್ಚಿನವರು ಎಡವುವುದು ಇಲ್ಲೇ.

ಮೊದಲು ‘ಏನು’ ಅನ್ನುವುದು. “ಆರೋಗ್ಯ ನೋಡಿಕೊಳ್ಳುವುದು” ಒಂದು ಕೆಲಸವಲ್ಲ. ನಾನು ಹೀಗೆ ಕೇಳಿಕೊಳ್ಳುತ್ತೇನೆ: ಎದುರುಮನೆಯವರು ಕಿಟಕಿಯಿಂದ ನೋಡಿದರೆ ನಾನು ಅದನ್ನು ಮಾಡುತ್ತಿರುವುದು ಅವರಿಗೆ ಕಾಣುತ್ತದಾ? ಶೂ ಹಾಕುವುದು ಕಾಣುತ್ತದೆ. ತಟ್ಟೆಗೆ ಅನ್ನಕ್ಕಿಂತ ಮೊದಲು ಪಲ್ಯ ಬಡಿಸಿಕೊಳ್ಳುವುದು ಕಾಣುತ್ತದೆ. ಪುಸ್ತಕ ತೆರೆಯುವುದು ಕಾಣುತ್ತದೆ. “ಇಂಗ್ಲಿಷ್ ಸುಧಾರಿಸಿಕೊಳ್ಳುವುದು” ಕಾಣುವುದಿಲ್ಲ. ಕಾಣದ್ದನ್ನು ಕಾಣುವ ಮಟ್ಟಕ್ಕೆ ಇಳಿಸುವವರೆಗೆ ಮುಂದೆ ಹೋಗಬೇಡಿ.

ಆಮೇಲೆ ‘ಯಾವಾಗ’. ಗಡಿಯಾರದ ಹೊತ್ತು ಎಲ್ಲರಿಗೂ ಆಗಿಬರುವುದಿಲ್ಲ. ಆಫೀಸಿನಲ್ಲಿ ಒಬ್ಬರೇ ಕೂತು ಕೆಲಸ ಮಾಡುವವರಿಗೆ “10 ಗಂಟೆಗೆ” ಅನ್ನುವುದು ನಡೆದೀತು. ತುಂಬಿದ ಮನೆಯಲ್ಲಿ 10 ಗಂಟೆ ನಮ್ಮ ಕೈಲಿರುವುದಿಲ್ಲ. ನಮ್ಮ ಅಜ್ಜಿಯ ಕಾಲದವರು ಹೊತ್ತನ್ನು ಹೇಳುತ್ತಿದ್ದ ರೀತಿ ಇದಕ್ಕೆ ಹೆಚ್ಚು ಹೊಂದುತ್ತದೆ. ಹಾಲು ಕರೆದ ಮೇಲೆ. ದನ ಮನೆಗೆ ಬರುವ ಹೊತ್ತು. ದೀಪ ಹಚ್ಚಿದ ಮೇಲೆ. ಇವೆಲ್ಲ ಘಟನೆಗಳು. ಅರ್ಧ ಗಂಟೆ ಆಚೀಚೆ ಆದರೂ ದಿನಾ ಆಗಿಯೇ ಆಗುತ್ತವೆ. ಎದುರಿಗೆ ಬಂದು ನಿಂತು “ಈಗ” ಅಂತ ಹೇಳುತ್ತವೆ. ಗಡಿಯಾರವನ್ನು ನಾವೇ ಹೋಗಿ ನೋಡಬೇಕು.

ಅಕ್ಕನ ವಿಷಯದಲ್ಲಿ ನಾವಿಬ್ಬರೂ ಒಂದು ಭಾನುವಾರ ಕೂತು ಅವಳ ಬೆಳಗನ್ನು ಪೂರ್ತಿ ಬರೆದೆವು. ಐದೂವರೆಗೆ ಏಳುವುದರಿಂದ ಅತ್ತೆಗೆ ಮಾತ್ರೆ ಕೊಡುವವರೆಗೆ. ಎಲ್ಲಿ ಸಂದಿ ಇದೆ ಅಂತ ಹುಡುಕಿದರೆ ಸಿಕ್ಕಿದ್ದು ಒಂದೇ ಜಾಗ. ಎಂಟು ಗಂಟೆ ಸುಮಾರಿಗೆ ಚಿಕ್ಕವನ ಸ್ಕೂಲ್ ವ್ಯಾನ್ ಬರುತ್ತದೆ. ಅವಳು ಗೇಟಿನವರೆಗೆ ಹೋಗಿ, ಬ್ಯಾಗ್ ಕೊಟ್ಟು, ವ್ಯಾನ್ ತಿರುವು ದಾಟುವವರೆಗೆ ನಿಂತು, ವಾಪಸ್ ಒಳಗೆ ಬರುತ್ತಾಳೆ. ಬಂದ ಮೇಲೆ ಪಾತ್ರೆ, ಬಟ್ಟೆ, ಫೋನು, ದಿನ ಅವಳನ್ನು ನುಂಗುತ್ತದೆ. ಹಾಗಾಗಿ ವಾಕ್ಯ ಹೀಗಾಯಿತು: “ವ್ಯಾನ್ ತಿರುವು ದಾಟಿದ ಕೂಡಲೇ, ಒಳಗೆ ಬರದೆ, ಗೇಟಿನಿಂದಲೇ ಎಡಕ್ಕೆ ತಿರುಗಿ ಪಾರ್ಕಿನವರೆಗೆ ಹೋಗಿ ಬರುತ್ತೇನೆ.” ಶೂ ಪೆಟ್ಟಿಗೆಯಿಂದ ಹೊರಬಂದು ಮುಂಬಾಗಿಲ ಪಕ್ಕ ಕೂತಿತು. ಮಗನ ಸಾಕ್ಸ್ ಹಾಕುವಾಗಲೇ ಅವಳೂ ತನ್ನದನ್ನು ಹಾಕಿಕೊಳ್ಳುವುದು ಅಂತ ಮಾತಾಯಿತು. ಅರ್ಧ ಗಂಟೆ ಇಪ್ಪತ್ತು ನಿಮಿಷಕ್ಕೆ ಇಳಿಯಿತು.

ಕುಕ್ಕರಹಳ್ಳಿ ಕೆರೆ ಕೈಬಿಟ್ಟಿದ್ದು ಅವಳಿಗೆ ಸ್ವಲ್ಪ ಕಷ್ಟವಾಯಿತು. ಅಲ್ಲಿನ ಬೆಳಗು, ನೀರಿನ ಮೇಲಿನ ಹಕ್ಕಿ, ಯಾರಿಗೆ ಇಷ್ಟವಾಗಲ್ಲ? ಆದರೆ ಅಲ್ಲಿಗೆ ಹೋಗಲು ಸ್ಕೂಟರ್ ತೆಗೆಯಬೇಕು. ಸ್ಕೂಟರ್ ತೆಗೆಯಬೇಕೆಂದರೆ ಬಟ್ಟೆ ಬದಲಿಸಬೇಕು. ಒಂದು ಕೆಲಸಕ್ಕೆ ಮುಂಚೆ ಮೂರು ಕೆಲಸ ಸೇರಿಕೊಂಡಿದ್ದವು.

ಈ ‘ಎಲ್ಲಿ’ ಅನ್ನುವುದನ್ನು ನಾವು ಹಗುರವಾಗಿ ತೆಗೆದುಕೊಳ್ಳುತ್ತೇವೆ. ರಾಜಸ್ಥಾನದ ಉದಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಮಕ್ಕಳ ಲಸಿಕೆ ಬಗ್ಗೆ ನಡೆಸಿದ ಅಧ್ಯಯನ 2010ರಲ್ಲಿ ಬಂತು. ಸುಮ್ಮನೆ ಬಿಟ್ಟ ಹಳ್ಳಿಗಳಲ್ಲಿ ಎಲ್ಲ ಲಸಿಕೆ ಪೂರ್ತಿ ಆದ ಮಕ್ಕಳು ಶೇ. 6. ಊರಲ್ಲೇ, ತಪ್ಪದೆ, ಗೊತ್ತಾದ ದಿನ ಶಿಬಿರ ನಡೆಸಿದ ಕಡೆ ಶೇ. 18. ಜೊತೆಗೆ ಪ್ರತಿ ಲಸಿಕೆಗೆ ಒಂದು ಕೆ.ಜಿ. ಬೇಳೆ, ಎಲ್ಲ ಮುಗಿದಾಗ ಊಟದ ತಟ್ಟೆಗಳು ಅಂದಾಗ ಶೇ. 39. ಮಗು ಚೆನ್ನಾಗಿರಲಿ ಅನ್ನುವ ಆಸೆ ಮೂರೂ ಕಡೆಯ ತಾಯಂದಿರಿಗೆ ಒಂದೇ. ಬದಲಾಗಿದ್ದು ದಾರಿಯ ದೂರ, ದಿನದ ಖಾತ್ರಿ, ಮತ್ತು ಇವತ್ತೇ ಕೈಗೆ ಸಿಗುವ ಒಂದು ಸಣ್ಣ ಲಾಭ. “ನಮ್ಮ ಜನರಿಗೆ ತಿಳಿವಳಿಕೆ ಇಲ್ಲ” ಅಂತ ಹೇಳುವ ಮುಂಚೆ ನಾವೆಲ್ಲ ಈ ಮೂರು ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಬೇಕು.

ದುಡ್ಡು ಉಳಿಸುವ ವಿಷಯದಲ್ಲಿ ನಮ್ಮ ಹೆಂಗಸರು ಇದನ್ನು ಯಾವತ್ತೋ ಕಂಡುಕೊಂಡಿದ್ದಾರೆ. ಕರ್ನಾಟಕದಲ್ಲಿ 2000-01ರಲ್ಲಿ ಶುರುವಾದ ಸ್ತ್ರೀಶಕ್ತಿ ಸಂಘಗಳನ್ನೇ ನೋಡಿ. ವಾರಕ್ಕೊಮ್ಮೆ, ಗೊತ್ತಾದ ದಿನ, ಗೊತ್ತಾದ ಮನೆಯ ಜಗಲಿಯಲ್ಲಿ ಸೇರುತ್ತಾರೆ. ಹೆಸರು ಕೂಗುತ್ತಾರೆ. ಚಿಕ್ಕ ಮೊತ್ತ ಕೊಟ್ಟು ಬುಕ್ಕಿನಲ್ಲಿ ಬರೆಸುತ್ತಾರೆ. ‘ಉಳಿಸಬೇಕು’ ಅನ್ನುವ ಒಬ್ಬರ ಆಸೆಗೆ ಒಂದು ಜಗಲಿ, ಒಂದು ವಾರ, ಕಾಯುವ ಹತ್ತಾರು ಕಣ್ಣು ಸಿಕ್ಕಿತು. ಸಂಬಳದವರಿಗೆ, ತಿಂಗಳು ತಿಂಗಳು ಖಾತೆಯಿಂದ ತಾನಾಗಿಯೇ ಉಳಿತಾಯಕ್ಕೆ ಹೋಗುವ ಆರ್‌ಡಿ ಅಥವಾ ಎಸ್‌ಐಪಿ ಅದೇ ಕೆಲಸ ಮಾಡುತ್ತದೆ. “ಸಂಬಳ ಬಂದ ಕೂಡಲೇ” ಅನ್ನುವ ವಾಕ್ಯವನ್ನು ಬ್ಯಾಂಕಿಗೆ ಒಪ್ಪಿಸಿಬಿಡುವುದು.

ಇನ್ನು ಅಡ್ಡಿಗಳು. ಇಲ್ಲಿ ನಮ್ಮ ರೂಢಿಗೆ ಸ್ವಲ್ಪ ಎದುರಾದ ಮಾತು ಹೇಳಬೇಕು. “ಒಳ್ಳೇದೇ ಯೋಚಿಸಿ, ಆಗೇ ಆಗುತ್ತೆ” ಅಂತ ಎಲ್ಲರೂ ಹೇಳುತ್ತಾರೆ. ಗೇಬ್ರಿಯೆಲೆ ಓಟಿಂಗನ್ ಎಂಬ ಮನೋವಿಜ್ಞಾನಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ್ದ ಹೆಂಗಸರನ್ನು ಒಂದು ವರ್ಷ ಗಮನಿಸಿದ್ದರು. ತೆಳ್ಳಗಾದ ತಮ್ಮನ್ನು ಮನಸ್ಸಿನಲ್ಲಿ ಚೆಂದವಾಗಿ ಚಿತ್ರಿಸಿಕೊಳ್ಳುತ್ತಿದ್ದವರು, ಅಷ್ಟು ಚೆಂದವಾಗಿ ಚಿತ್ರಿಸಿಕೊಳ್ಳದವರಿಗಿಂತ ಸುಮಾರು 11 ಕೆ.ಜಿ. ಕಡಿಮೆ ಇಳಿಸಿದ್ದರು. ಹಗಲುಗನಸು ಕೆಲಸ ಮುಗಿದ ಸಮಾಧಾನವನ್ನು ಮುಂಚಿತವಾಗಿಯೇ ಕೊಟ್ಟುಬಿಡುತ್ತದೆ ಅನ್ನುವುದು ಅವರ ವಿವರಣೆ. ಹಾಗಂತ ಕನಸು ಕಾಣಬೇಡಿ ಅಂತ ಅವರು ಹೇಳಲಿಲ್ಲ. ಕನಸು ಕಂಡ ಮೇಲೆ, ಅದಕ್ಕೆ ಅಡ್ಡ ಬರುವುದು ಏನು ಅಂತ ಅಷ್ಟೇ ಸ್ಪಷ್ಟವಾಗಿ ನೋಡಿ ಅಂದರು. ಆಮೇಲೆ ಆ ಅಡ್ಡಿಗೂ ಒಂದು ‘ಕೂಡಲೇ’ ವಾಕ್ಯ ಬರೆಯಿರಿ ಅಂದರು.

ಅಕ್ಕನಿಗೆ ಕಂಡ ಅಡ್ಡಿ ಎರಡು. ಒಂದು ಮಳೆ. ಇನ್ನೊಂದು ಮೂರನೇ ಮನೆಯ ಗೇಟಿನಲ್ಲಿ ಸಿಗುವ ಗೆಳತಿ, ಮಾತಿಗೆ ನಿಂತರೆ ಇಪ್ಪತ್ತು ನಿಮಿಷ ಅಲ್ಲೇ ಖರ್ಚು. ಮಳೆ ಇದ್ದರೆ ಟೆರೇಸಿನ ಶೀಟಿನಡಿ ನಡಿಗೆ. ಗೆಳತಿ ಕಂಡ ಕೂಡಲೇ, “ಬಾ, ಪಾರ್ಕ್‌ವರೆಗೆ ಮಾತಾಡ್ತಾ ಹೋಗೋಣ.” ಎರಡನೇ ವಾರದಿಂದ ಆ ಗೆಳತಿಯೂ ಶೂ ಹಾಕಿಕೊಂಡು ಬಂದಳು.

ಹೊತ್ತಿನ ಲೆಕ್ಕದಲ್ಲೂ ನಾವು ಆಸೆಗಣ್ಣಿನವರೇ. ಕೆನಡಾದಲ್ಲಿ ಪದವಿಯ ಕೊನೆಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು, ಯಾವಾಗ ಮುಗಿಸುತ್ತೀರಿ ಅಂತ ಕೇಳಿದರು. ಸರಾಸರಿ 34 ದಿನ ಅಂದರು. ಎಲ್ಲ ಕೆಟ್ಟು ಹೋದರೆ? 49 ದಿನ. ನಿಜವಾಗಿ ಹಿಡಿದದ್ದು 55 ದಿನಕ್ಕೂ ಜಾಸ್ತಿ. ಈ ಅಧ್ಯಯನ 1994ರದು. ಹಾಗಾಗಿ ನಾನೀಗ ಏನೇ ಬರವಣಿಗೆ ಒಪ್ಪಿಕೊಂಡರೂ, ಈ ಸಲ ಎಷ್ಟು ದಿನ ಹಿಡಿಯಬಹುದು ಅಂತ ಯೋಚಿಸುವುದಿಲ್ಲ. ಹೋದ ಸಲ ಎಷ್ಟು ಹಿಡಿಯಿತು ಅಂತ ಡೈರಿ ತೆಗೆದು ನೋಡುತ್ತೇನೆ.

ಒಂದು ಮಾತು ಇಲ್ಲಿ ಹೇಳದೆ ಹೋದರೆ ತಪ್ಪಾಗುತ್ತದೆ. ಈ ಎಲ್ಲ ಉಪಾಯಗಳೂ ನಮ್ಮ ಹೊತ್ತಿನಲ್ಲಿ ಸ್ವಲ್ಪವಾದರೂ ನಮ್ಮ ಕೈಲಿದೆ ಅಂದುಕೊಂಡು ಹುಟ್ಟಿದವು. ಎರಡು ಪಾಳಿ ದುಡಿಯುವವರಿಗೆ, ನಲ್ಲಿ ನೀರು ರಾತ್ರಿ ಎರಡಕ್ಕೆ ಬರುವ ಬೀದಿಯವರಿಗೆ, ಮನೆಯಲ್ಲಿ ಎಲ್ಲರ ಕರೆಗೂ ಓಗೊಡಬೇಕಾದವರಿಗೆ ಇಪ್ಪತ್ತು ನಿಮಿಷದ ಸಂದಿ ಹುಡುಕುವುದೇ ದೊಡ್ಡ ಕೆಲಸ. ಅಕ್ಕನ ನಡಿಗೆ ಸಾಧ್ಯವಾಗಿದ್ದು ಅವಳ ವಾಕ್ಯ ಚೆನ್ನಾಗಿತ್ತು ಅಂತ ಮಾತ್ರ ಅಲ್ಲ. ಭಾವ ಆ ಇಪ್ಪತ್ತು ನಿಮಿಷ ಅಮ್ಮನ ಕೋಣೆಯಲ್ಲಿ ಕೂತು ಪೇಪರ್ ಓದಲು ಒಪ್ಪಿದರು. ಅವರ ವಾಕ್ಯವೂ ಬರೆದಾಯಿತು: “ವ್ಯಾನಿನ ಹಾರ್ನ್ ಕೇಳಿದ ಕೂಡಲೇ ಪೇಪರ್ ತಗೊಂಡು ಅಮ್ಮನ ಹತ್ತಿರ.” ಮನೆಯವರ ಒಂದು ವಾಕ್ಯ ಬದಲಾಗದೆ ಹೆಂಗಸರ ಎಷ್ಟೋ ಸಂಕಲ್ಪಗಳು ನಡೆಯುವುದಿಲ್ಲ.

ಎಷ್ಟು ದಿನಕ್ಕೆ ಅಭ್ಯಾಸವಾಗುತ್ತದೆ? 21 ದಿನ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದರು. ಊಟವಾದ ಮೇಲೆ ಹಣ್ಣು, ತಿಂಡಿಯಾದ ಮೇಲೆ ನಡಿಗೆ, ಹೀಗೆ ಒಬ್ಬೊಬ್ಬರು ಒಂದೊಂದು ಆರಿಸಿಕೊಂಡಿದ್ದರು. ಅದು ತಾನಾಗಿಯೇ ಆಗುವ ಮಟ್ಟಕ್ಕೆ ಬರಲು ಹಿಡಿದ ಸಮಯ ಸರಾಸರಿ 66 ದಿನ. ಕೆಲವರಿಗೆ 18, ಇನ್ನು ಕೆಲವರ ಲೆಕ್ಕ 254ರವರೆಗೂ ಹೋಗುತ್ತಿತ್ತು. ನನಗೆ ಇದರಲ್ಲಿ ಜಾಸ್ತಿ ಸಮಾಧಾನ ಕೊಟ್ಟ ವಿಷಯ ಬೇರೆ: ನಡುವೆ ಒಂದು ದಿನ ತಪ್ಪಿದರೆ ಏನೂ ಹಾಳಾಗಲಿಲ್ಲ.

ಅಕ್ಕನಿಗೆ ತಪ್ಪಿದ್ದು ಒಂದು ದಿನವಲ್ಲ, ಎರಡು ತಿಂಗಳು. ನಾಲ್ಕು ತಿಂಗಳು ಸಲೀಸಾಗಿ ನಡೆದವಳು ಏಪ್ರಿಲ್‌ನಲ್ಲಿ ಪೂರ್ತಿ ನಿಲ್ಲಿಸಿಬಿಟ್ಟಳು. ಫೋನ್ ಮಾಡಿ ಮತ್ತೆ ಅದೇ ಮಾತು, “ನನ್ನ ಮನಸ್ಸೇ ಹಾಗೆ.” ಸ್ವಲ್ಪ ಹೊತ್ತು ಮಾತಾಡಿದ ಮೇಲೆ ಇಬ್ಬರಿಗೂ ಹೊಳೆಯಿತು. ಬೇಸಿಗೆ ರಜ. ವ್ಯಾನ್ ಬರುತ್ತಿರಲಿಲ್ಲ! ಅರಳಿಕಟ್ಟೆಯನ್ನೇ ಯಾರೋ ಕಿತ್ತುಹಾಕಿದ ಹಾಗಾಗಿತ್ತು. ಅವಳ ಮನಸ್ಸು ಇದ್ದಲ್ಲೇ ಇತ್ತು.

ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದ ಚೀಟಿಯಲ್ಲಿ ಈಗ ಇನ್ನೊಂದು ಸಾಲು ಸೇರಿದೆ. ಪೆನ್ನಿನ ಬಣ್ಣ ಬೇರೆ, ಅಕ್ಷರ ಅವಳದೇ: “ರಜ ಇದ್ದರೆ, ಹೂವಿನವಳು ಬಂದು ಹೋದ ಕೂಡಲೇ.”